ರಿಪೋರ್ಟ್ ಬರುವವರೆಗೆ

ಜೂನ್ ೩, ಬೆಳಿಗ್ಗೆ
ಪುಟ್ಟಿ ಹಾಲು ಕುಡಿಯುತ್ತಲೇ ನಿದ್ದೆ ಹೋದಳು. ಮೆಲ್ಲಗೆ ಬಿಡಿಸಿಕೊಂಡು ಎದ್ದೆ. ಯೂನಿಫಾರ್ಮ್ ಇಸ್ತ್ರಿ ಆಗಿಲ್ಲ. ಇವತ್ತಿಂದ ಬ್ಯಾಟರಿ ಫ್ಯಾಕ್ಟರಿಯಲ್ಲಿ ರಕ್ತ ತೆಗೆಯೋದು — ಯಾರ ಮೈಗೆ ಎಷ್ಟು ಸೀಸ ಸೇರಿದೆ ಅಂತ. ನನ್ನ ಎಂಎಸ್ಸಿ ನರ್ಸಿಂಗ್ ಥೀಸಿಸ್ ಇದೇ. ಅಲ್ಲಿ ಕೆಲಸ ಮಾಡೋ ಹೆಂಗಸರು ಒಪ್ಪಬೇಕಷ್ಟೆ.

ಸಂಜೆ
ಒಬ್ಬರೂ ತೋಳು ಚಾಚಲಿಲ್ಲ. ಬ್ಯಾಟರಿಯ ಸೀಸದ ಪ್ಲೇಟ್ ಉಜ್ಜುವ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೊದ್ಲು ನಿಮ್ದು ತೆಗೀರಿ ಸಿಸ್ಟರ್. ನಿಮ್ಮ ಮೈಯಲ್ಲೇನು ಜೇನುತುಪ್ಪ ಹರಿಯುತ್ತಾ?" ಎಲ್ಲರೂ ಗೊಳ್ಳೆಂದರು. ನನಗೂ ನಗು. ತೋಳು ಚಾಚಿದೆ. ಆಮೇಲೆ ಸಾಲು ಹಿಡಿದರು.
ಖುಷಿಯಲ್ಲೇ ಬಸ್ ಹತ್ತಿದೆ. ಅರ್ಧ ದಾರಿಯಲ್ಲಿ ಹೊಳೆಯಿತು — ನಂದೂ ಜಾಸ್ತಿ ಬಂದರೆ? ಥೀಸಿಸ್ ತಯಾರಿ ಅಂತ ತಿಂಗಳುಗಟ್ಟಲೆ ಆ ಧೂಳಲ್ಲೇ ಓಡಾಟ. ಸೀಸ ಎದೆಹಾಲಿಗೂ ಇಳಿಯುತ್ತೆ...

ಜೂನ್ ೪
ನಿಲ್ಲಿಸಿದೆ. ರಿಪೋರ್ಟ್ ಬರುವವರೆಗೆ ಡಬ್ಬಿ ಹಾಲು.
ಅತ್ತೆ: "ಎದೆ ತುಂಬ ಹಾಲಿಟ್ಕೊಂಡು ಮಗೂಗೆ ಪುಡಿ ಕಲಸ್ತೀಯಲ್ಲೇ! ಓದು ಜಾಸ್ತಿಯಾದ್ರೆ ಹೀಗೇ."
ಗೈಡ್ ಮೇಡಂಗೆ ಫೋನ್ ಮಾಡಿದೆ. "ಕುಡಿಸಮ್ಮ. ಮಾಸ್ಕ್ ಹಾಕ್ತೀಯ, ಕೈ ತೊಳೀತೀಯ. ಅಷ್ಟೆಲ್ಲ ಏರಲ್ಲ." ಹೂಂ ಅಂದೆ. ಕುಡಿಸಲಿಲ್ಲ. ಮೇಡಂ ನೂರಾರು ಜನರನ್ನ ನೋಡಿದವರು. ನನಗಿರೋಳು ಒಬ್ಬಳೇ.
ಎದೆಹಾಲು ಹಿಂಡಿ ಸಿಂಕಿಗೆ ಸುರಿದೆ. ಅತ್ತೆಗೆ ಗೊತ್ತಾಗದಿರಲಿ ಅಂತ ನಲ್ಲಿ ಜೋರಾಗಿ ಬಿಟ್ಟೆ.

ಜೂನ್ ೭
ಲ್ಯಾಬ್‌ನಲ್ಲಿ ಮಿಷನ್ ಕೆಟ್ಟಿದೆಯಂತೆ.
ಬಸ್ಸಲ್ಲಿ ಯಾರದೋ ಮಗು ಅತ್ತಿತು. ನನ್ನ ಅಂಗಿ ಒದ್ದೆ. ಫೈಲ್ ಅವಚಿಕೊಂಡು ನಿಂತೆ.
ಮನೆಯಲ್ಲಿ ಪುಟ್ಟಿ ಅತ್ತೆ ತೊಡೆ ಮೇಲೆ ಬಾಟಲಿ ಚೀಪುತ್ತಿದ್ದಳು. ನನ್ನ ಕಂಡವಳೇ ಅದನ್ನು ದೂಡಿ ಕೈ ಚಾಚಿದಳು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.
ಈಗ ನಡುವೆ ಅತ್ತೆ ಮಲಗುತ್ತಾರೆ. ಆಚೆಗೆ ಪುಟ್ಟಿಯ ಉಸಿರು. ಕೈ ನೀಡಿದರೆ ಸಿಗುತ್ತಾಳೆ. ನಿದ್ದೆ ಎಲ್ಲಿಂದ ಬರಬೇಕು...

ಜೂನ್ ೧೨
ಇವತ್ತು ಪುಟ್ಟಿ ಬಾಟಲಿ ಚೀಪುತ್ತಾ ನನ್ನತ್ತ ತಿರುಗಿಯೂ ನೋಡಲಿಲ್ಲ. "ಅಭ್ಯಾಸ ಆಯ್ತು ಬಿಡು," ಅಂದರು ಅತ್ತೆ. ಬೈದಿದ್ದರೆ ವಾಸಿಯಿತ್ತು.

ಜೂನ್ ೧೫
ಬಂತು. ನಂದು ಹೆದರುವಷ್ಟೇನಿಲ್ಲ. ಪ್ಲೇಟ್ ಉಜ್ಜುವ ಅಕ್ಕಂದೇ ಜಾಸ್ತಿ. ಬೇರೆ ಸೆಕ್ಷನ್‌ಗೆ ಹಾಕಿಸಬೇಕು, ಮೇಡಂ ಮಾತಾಡಿದ್ದಾರೆ. ಹೇಳಿದಾಗ ಅಕ್ಕ ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ — "ನಿಮ್ದು?"
"ಪರವಾಗಿಲ್ಲ ಅಕ್ಕ."
"ಮತ್ತೆ ಇಲ್ಲೇನ್ ಮಾಡ್ತಿದ್ದೀರಾ? ನಡೀರಿ ಮನೆಗೆ, ಕೂಸು ಕಾಯ್ತಿರುತ್ತೆ!"
ಓಡಿ ಬಂದೆ. ಮಿಂದೆ. ಎದೆಗೊತ್ತಿಕೊಂಡೆ. ಮುಖ ತಿರುಗಿಸಿದಳು. ಇನ್ನೊಮ್ಮೆ. ಬೆನ್ನು ಬಿಲ್ಲಾಗಿ ಬಾಗಿಸಿ ಚೀರಿದಳು. ಬಾಟಲಿಯೇ ಬೇಕು.

ಜೂನ್ ೧೬, ಭಾನುವಾರ ಮಧ್ಯಾಹ್ನ
ಬೆಳಿಗ್ಗೆಯೂ ಇಲ್ಲ. ಹಾಲೂ ಕಡಿಮೆಯಾಗಿದೆ, ಮುಟ್ಟಿದರೆ ತಿಳಿಯುತ್ತೆ.
ಅತ್ತೆಯೇ ಬಾಟಲಿ ಬಚ್ಚಿಟ್ಟರು. "ಎಚ್ಚರ ಇದ್ರೆ ಹಟ ಮಾಡ್ತಾಳೆ. ನಿದ್ದೆಗಣ್ಣಲ್ಲಿ ಹಿಡಿಸು. ನಿನ್ನ ಗಂಡನೂ ಹೀಗೇ ಇದ್ದ, ಮೊಂಡ." ಇವರು ಪೇಪರ್ ಮರೆಯಲ್ಲಿ ಕೆಮ್ಮಿದರು.
ಈಗ ತೊಡೆ ಮೇಲಿದ್ದಾಳೆ. ಕಣ್ಣು ಅರೆಮುಚ್ಚಿದೆ. ಸುಮ್ಮನೆ ಕೂರೋಕಾಗಲ್ಲ, ಅದಕ್ಕೇ ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಎದೆಗೆ ಮೂಗು ಉಜ್ಜಿದಳು. ಮುಖ ತಿರುಗಿಸಲಿಲ್ಲ. ಬಾಯಿ ತೆರೆದಳು... ಇಲ್ಲ, ಆಕಳಿಕೆ. ಅವಸರ ಮಾಡಬಾರದು. ಮತ್ತೆ ತುಟಿ ಆಡಿಸುತ್ತಿದ್ದಾಳೆ — ಬಾರೇ ಕಂದ, ಒಂದೇ ಒಂದು ಗುಟು—