ವಿಯೆನ್ನಾ ಬಿದ್ದ ಬಗೆ

ರೆನ್ನಿಂಗೆನ್
೧೪ ಜೂನ್ ೨೦೨೫

ಸಮಸ್ತ ಐರೋಪ್ಯ ಕೋಟೆಕೊತ್ತಲಗಳ ಸಂರಕ್ಷಕರೂ, ಡ್ಯಾನ್ಯೂಬ್ ತೀರದ ಏಕಚ್ಛತ್ರಾಧಿಪತಿಗಳೂ, ಇಂಗೋಲ್‌ಸ್ಟಾಟ್ ಸಿಟಿ ಬಸ್ಸಿನ ಮಾಸಿಕ ಪಾಸುಧಾರಿಗಳೂ ಆದ ಮುಬಶ್ಶಿರ್ ಮಹಾಪ್ರಭುಗಳ ಪಾದಾರವಿಂದಗಳಿಗೆ, ಮಂಗೋಲ ದಂಡಿನ ದಳಪತಿಯೂ ಮೂರನೇ ಮಹಡಿಯ ಎಡಗಡೆ ಮನೆಯ ಬಾಡಿಗೆದಾರನೂ ಆದ ಯತಿರಾಜನು ಮಾಡುವ ಸಲಾಮುಗಳು.

ಗುರು, ಉತ್ತರ ಮೂರು ವಾರ ತಡವಾಯಿತು, ಕ್ಷಮಿಸು. ಕಾರಣ ಗಂಭೀರವಾದದ್ದು. ಮೆಟ್ಟಿಲು ಗುಡಿಸುವ ಸರದಿಯ ಫಲಕ, ಅದೇ ಕೇರ್‌ವೋಖೆ, ನಮ್ಮ ಬಾಗಿಲಿಗೆ ಬಂದು ನೇತಾಡಿತು. ಆಟದಲ್ಲಿ ಕ್ರಾಕೋ ನಗರವನ್ನು ಎರಡೇ ಸರದಿಯಲ್ಲಿ ಗೆದ್ದ ನಾನು ಕೆಳಗಿನ ಮನೆಯ ಅಜ್ಜಿಯೆದುರು ಪೊರಕೆ ಹಿಡಿದು ನಿಂತೆ. ಅವರು ಮೂಲೆಯಲ್ಲಿ ಬೆರಳಾಡಿಸಿ ನೋಡಿ, “ನೋಖ್ ಮಾಲ್” ಅಂದರು. ಇನ್ನೊಮ್ಮೆ ಗುಡಿಸಿದೆ.

ಎರಡನೆಯದಾಗಿ, ನಿನ್ನ ಸೈನ್ಯಕ್ಕೆ ಅನಾಹುತವಾಗಿದೆ. ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ನಮ್ಮ ಮಂಗೋಲ್ ದಂಡಯಾತ್ರೆ ಆಟದ ಕಾಯಿಗಳು ಕಳೆದಾಗಿನಿಂದ ನನ್ನ ಕುದುರೆಪಡೆ ಹುರಿಗಡಲೆ, ನಿನ್ನ ನೈಟ್‌ಗಳು ಲವಂಗ ತಾನೆ? ಈಗ ಮನೆಯಲ್ಲಿ ನನ್ನ ಜೊತೆಗಿರುವ ಅನೂಪ್ ಮೊನ್ನೆ ನಕ್ಷೆಯ ಲೀಗ್ನಿಟ್ಸ್ ಮೈದಾನದಿಂದ ಆರು ಜನರನ್ನೆತ್ತಿ ಪಲಾವಿಗೆ ಹಾಕಿಬಿಟ್ಟ.

“ಅದು ಮುಬಶ್ಶಿರ್ ಸೈನ್ಯ ಕಣೋ!” ಅಂದೆ.

“ನಿನ್ನ ಕೈಲಿ ಸಾಯೋ ಬದಲು ಅನ್ನದಲ್ಲಿ ಸಾಯ್ಲಿ ಬಿಡು ಮಗಾ,” ಅಂದ.

ಆರೂ ಮಂದಿಯನ್ನು ಸಕಲ ಮರ್ಯಾದೆಗಳೊಡನೆ ತಟ್ಟೆಯಂಚಿನಲ್ಲಿ ಮಲಗಿಸಲಾಯಿತು.

ಆಮೇಲೆ ಅವನು ನಕ್ಷೆಯ ಮೇಲೆ ಬಗ್ಗಿದ. “ಏನೋ, ವಿಯೆನ್ನಾ ಹಿಡ್ಕೊಂಡಿದ್ದೀಯ? ನಿಜವಾದ ಮಂಗೋಲರು ಅಲ್ಲಿಗೆ ಬರೋ ಮುಂಚೆನೇ, ಊರಲ್ಲಿ ಖಾನ್ ಸತ್ತ ಅಂತ ವಾಪಸ್ ಹೋದ್ರಂತಲ್ಲ?”

ನಾನು ಅವನಿಗೆ ಇನ್ನೊಂದು ಸೌಟು ಪಲಾವ್ ಬಡಿಸಿದೆ.

ಈಗ ನಿನ್ನ ಪತ್ರದ ವಿಷಯ. ಮಹೀನ್ ಭಾಭಿಗೆ ಆಗಸ್ಟಿನಲ್ಲಿ ಹೆರಿಗೆ ಎಂದು ಓದಿ ಅಡುಗೆಮನೆಯಲ್ಲೇ ಕುಣಿದೆ. ಆದರೆ ಅದರ ಕೆಳಗೇ ಬರೆದಿದ್ದೀಯಲ್ಲ: “ಯುದ್ಧ ಬೇಗ ಮುಗಿಸು ಗುರು. ನಕ್ಷೆ ಹರಡಿರೋ ಮೇಜು ಮಗೂಗೆ ಬಟ್ಟೆ ಬದಲಿಸೋಕೆ ಬೇಕಂತೆ.” ಆ ಸಾಲನ್ನು ಎರಡು ಮೂರು ಸಲ ಓದಿದೆ. ನೀನು ಈ ಮನೆ ಬಿಟ್ಟ ಹೊಸದರಲ್ಲಿ ಫೋನ್ ಮಾಡಿಕೊಳ್ಳುತ್ತಿದ್ದೆವು, ನೆನಪಿದೆಯಾ? “ಹೂಂ ಗುರು, ಮತ್ತೆ?” “ಮತ್ತೇನಿಲ್ಲ, ನೀನೇ ಹೇಳು.” ಅಷ್ಟಕ್ಕೇ ಮುಗಿಯುತ್ತಿತ್ತು. ನಕ್ಷೆಯ ಪ್ರತಿ ನಿನಗೆ, ಕಾರ್ಡಿನ ಕಟ್ಟು ನನಗೆ, ಅಂಚೆಯಲ್ಲಿ ಬಂದ ನಡೆ ಮಾತ್ರ ಊರ್ಜಿತ ಎಂದು ನಿಯಮ ಮಾಡಿದ ಮೇಲಲ್ಲವೇ ನೀನು ಒಂದು ಕೋಟೆಯ ನೆಪದಲ್ಲಿ ನಾಲ್ಕು ಪುಟ ಬರೆಯತೊಡಗಿದ್ದು?

ಆದಕಾರಣ ಸಂಧಿಯ ಮಾತೇ ಇಲ್ಲ. ಈ ಸಲದ ನನ್ನ ನಡೆ: ಕುದುರೆಪಡೆ ಡ್ಯಾನ್ಯೂಬ್ ದಂಡೆಗುಂಟ ಮೇಲಕ್ಕೆ, ನೇರ ನಿನ್ನ ಬಾಗಿಲಿಗೆ.

ಭಾಭಿಗೆ ಸುಖವಾಗಿ ಹೆರಿಗೆಯಾಗಲಿ. ಮಗು ಅವರ ಮೂಗನ್ನೂ ನಿನ್ನ ತಾಳ್ಮೆಯನ್ನೂ ಹೊತ್ತುಕೊಂಡು ಬರಲಿ.

ನಿನ್ನ ಕಡುವೈರಿ,
ಯತಿರಾಜ್

ತಾ.ಕ.: ಸರದಿಗೊಂದು ಕಾರ್ಡು ಎತ್ತಿ, ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಡಿಸೆಂಬರಿನಲ್ಲಿ ‘ಮಹಾಖಾನನ ಮರಣ’ ಬಂತು. ಅದು ಬಂದರೆ ಮಂಗೋಲರು ಊರಿಗೆ ಹಿಂದಿರುಗಬೇಕು, ಆಟ ಅಲ್ಲಿಗೆ ಮುಗಿಯಬೇಕು. ನಾನು ಅದನ್ನು ಸಕ್ಕರೆ ಡಬ್ಬದ ಕೆಳಗೆ ಬಚ್ಚಿಟ್ಟೆ. ಆಮೇಲಿನ ಪ್ರಾಗ್, ವಿಯೆನ್ನಾ ಎಲ್ಲ ಸುಳ್ಳು. ನೀನು ಗೆದ್ದು ಆರು ತಿಂಗಳಾಯಿತು. ಕಾರ್ಡನ್ನು ಈ ಲಕೋಟೆಯೊಳಗೇ ಇಟ್ಟಿದ್ದೇನೆ. ಮೇಜು ತೆರವು ಮಾಡಿಕೋ. ಈ ಪತ್ರಕ್ಕೆ ಉತ್ತರ ಬರೆಯಲೇಬೇಕೆಂಬ ನಿಯಮ ಇನ್ನು ಇಲ್ಲ.