ಮುಟ್ಟಬೇಡಿ ಅಂದ ಮಷೀನು

ಶರಣಪ್ಪ ಮಾವಾ,

ನಿನ್ನ ಹೆಂಡತಿಯ ತಮ್ಮ, ಕೊಂಕಲ್ ಗರಡಿಯಲ್ಲಿ ಒಮ್ಮೆಯೂ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಪೈಲ್ವಾನ್ ಸಾಬಣ್ಣ ಬರೆಯುತ್ತಿದ್ದೇನೆ. ನಗಬೇಡ. ಸಿಟ್ಟು ನೆತ್ತಿಗೇರಿದೆ. ಊರಿನ ಮೇಲೆ, ಒಂದು ಮಷೀನಿನ ಮೇಲೆ, ನಿನ್ನ ಮೇಲೂ.

ಆ ದಿನ ಕಾಲುವೆಗೆ ನಮ್ಮ ಪಾಳಿಯ ನೀರು ಬಂದಿತ್ತು. ಎದೆ ಹಿಂಡುತ್ತಿದೆ ಎಂದು ಬೆಳಿಗ್ಗೆಯೇ ಅಕ್ಕನಿಗೆ ಹೇಳಿದ್ದೆಯಂತೆ. ಆದರೂ ಸಲಿಕೆ ಹಿಡಿದು ಬಂದೆ. ನೀರು ತಿರುವಲು ನಾನು ಸತ್ತಿದ್ದೆನೇ? ನೀನು ಬದುವಿನ ಮೇಲೆ ಕುಸಿದಾಗ ಉಸಿರಿರಲಿಲ್ಲ. ಹಿಂದೊಮ್ಮೆ ಊರ ಆಸ್ಪತ್ರೆಯವರು ಕಲಿಸಿದ್ದಂತೆ ನಾನು ಎದೆ ಒತ್ತತೊಡಗಿದೆ. ಓಡಿಬಂದ ಅಕ್ಕ ನಿನ್ನ ಅಂಗಾಲು ತಿಕ್ಕತೊಡಗಿದಳು. ಮೂರ್ಛೆ ಹೋದವರಿಗೆ ನಮ್ಮಲ್ಲಿ ಮೊದಲು ಮಾಡುವುದೇ ಅದಲ್ಲವೇ?

ಊರ ಆಸ್ಪತ್ರೆಯ ಸಿಸ್ಟರಮ್ಮ ಷಾಕ್ ಕೊಡುವ ಮಷೀನು ತಂದು ನಿನ್ನ ಎದೆಗೆ ಎರಡು ಪಟ್ಟಿ ಅಂಟಿಸಿದಳು. ಯಾರೂ ಮುಟ್ಟಬೇಡಿ ಎಂದು ಅದು ಹಿಂದಿಯಲ್ಲಿ ಒದರಿತು.

"ಕಾಕಾ, ಕೈ ತೆಗೀರಿ! ಅದು ಎದಿ ಬಡಿತ ಓದಬೇಕು" ಎಂದಳು ಸಿಸ್ಟರಮ್ಮ.

"ನಾ ಒತ್ತಾಕತ್ತೇನಿ, ಅದು ಓದಲಿ!"

"ನಿಮ್ಮ ಒತ್ತೋದು, ಅವರ ಬಡಿತ ಎರಡೂ ಕಲಸಿ ಹೋಗ್ತಾವ್ರಿ. ಅದಕ್ಕ ತಿಳಿಯಂಗಿಲ್ಲ."

ಮದುವೆಯ ಬಾಜಾದ ನಡುವೆಯೂ ನನ್ನ ಹೆಂಡತಿ ಬೈದದ್ದು ನನಗೆ ಕೇಳಿಸುತ್ತದೆ. ಅಷ್ಟು ಶಾಣ್ಯಾ ಮಷೀನಿಗೆ ಇಷ್ಟು ಬರುವುದಿಲ್ಲವೇ? ಆದರೂ ಕೈ ತೆಗೆದೆ. ಅಕ್ಕ ತೆಗೆಯಲಿಲ್ಲ. "ಕಾಲು ತಣ್ಣಗಾಗ್ಯಾವ, ಬಿಡಂಗಿಲ್ಲ" ಎಂದು ತಿಕ್ಕುತ್ತಲೇ ಇದ್ದಳು. ಮೈ ಅಲುಗಿದಂತೆಲ್ಲ ಮಷೀನು ಮತ್ತೆ ಮೊದಲಿನಿಂದ ಓದತೊಡಗಿತು. ಜನ ಅವಳನ್ನು ದರದರ ಎಳೆದ ಮೇಲೆ ಷಾಕ್ ಕೊಟ್ಟಿತು. ಅಷ್ಟೊತ್ತಿಗೆ ನೀನು...

ನಿನ್ನನ್ನು ಮಣ್ಣು ಮಾಡಿ ಬರುವಾಗಲೇ ಊರ ಕಟ್ಟೆಯ ಮೇಲೆ ಮಾತು ಶುರುವಾಗಿತ್ತು: "ಹೆಂಡ್ತಿನೇ ಕಾಲು ಹಿಡದು ಕೊಂದ್ಳು." ಅಂದವನ ಕೊರಳಪಟ್ಟಿ ಹಿಡಿದು ಕೇಳಿದೆ, "ಮಗನ, ನಿನಗ ಹಿಂಗಾದ್ರ ನಿನ್ನ ಹೆಂಡ್ತಿ ಕಾಲು ಹಿಡೀತಾಳೋ, ಕಾಲು ತೆಗೀತಾಳೋ?" ಅವನು ಕೊರಳು ಬಿಡಿಸಿಕೊಂಡು ಕಟ್ಟೆ ಇಳಿದು ಓಡಿದ. ಅಕ್ಕನ ಎದೆಯೊಳಗೆ ಹೊಕ್ಕ ಮಾತನ್ನು ಯಾವ ಪೈಲ್ವಾನ್ ಎಳೆದು ತೆಗೆಯಬೇಕು? ಮೊಮ್ಮಗಳು ತೊಡೆ ಹತ್ತಲು ಬಂದರೆ ಸೆರಗಿನೊಳಗೆ ಕೈ ಅಡಗಿಸುತ್ತಾಳೆ. ಎತ್ತಿಕೋ ಎಂದು ನಾನಂದರೆ, "ಬ್ಯಾಡ ತಮ್ಮಾ, ನನ್ನ ಕೈ ಛಲೋ ಇಲ್ಲ" ಅನ್ನುತ್ತಾಳೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ ಕೇಳು. ಶಹಾಪುರದ ಆಸ್ಪತ್ರೆಯಲ್ಲಿ ಹೊಸ ಮಷೀನು ತೋರಿಸಿದರು. ನಾವು ಎದೆ ಒತ್ತುತ್ತಿದ್ದರೂ ಒತ್ತುವುದನ್ನು ಬೇರೆ ಮಾಡಿ ಬಡಿತವನ್ನಷ್ಟೇ ಓದುತ್ತದಂತೆ. ಷಾಕ್ ಕೊಡುವ ಗಳಿಗೆಗೆ ಮಾತ್ರ ಕೈ ಎತ್ತಬೇಕು. ಇದು ಮೊದಲೇ ಬರಬಾರದಿತ್ತೇ ಮಾವಾ? ನಮ್ಮೂರಿಗೆ ಅಂಥದ್ದು ಬರುವವರೆಗೂ ಆಸ್ಪತ್ರೆಯವರನ್ನು ನಿದ್ದೆ ಮಾಡಗೊಡುವುದಿಲ್ಲ, ನೋಡುತ್ತಿರು.

ಅಕ್ಕನನ್ನೂ ಅಲ್ಲಿಗೆ ಎಳೆದುಕೊಂಡು ಹೋಗಿದ್ದೆ. ಕಲಿಸಲೆಂದು ನೆಲದ ಮೇಲೆ ಮನುಷ್ಯನಂಥ ಒಂದು ಗೊಂಬೆ ಮಲಗಿಸಿ, ಎದೆಗೆ ಆ ಮಷೀನಿನ ಪಟ್ಟಿ ಅಂಟಿಸಿದ್ದರು. ಅವಳು ಹಿಂದೆ ಸರಿದಳು. ನಾನೇ ಅವಳ ಎರಡೂ ಕೈ ಹಿಡಿದು ಗೊಂಬೆಯ ಎದೆಯ ಮೇಲಿಟ್ಟೆ. ಒತ್ತಿದಳು. ಮಷೀನು ಬೈಯಲಿಲ್ಲ, ಓದುತ್ತಲೇ ಇತ್ತು. ಡಾಕ್ಟರು ಅಂದರು, "ಸಾಕ್ರಿ ಯವ್ವಾ, ಇನ್ನೊಬ್ಬರು ಬರ್ಲಿ."

ನಿನ್ನ ಹೆಂಡತಿ ತಲೆ ಎತ್ತದೆ ಒತ್ತುತ್ತಲೇ ಹೇಳಿದಳು: "ಈ ಸಲ ಯಾರೂ ನನ್ನ ಎಳೀಬ್ಯಾಡ್ರಿ."