ಮಾವನ ಜಾಗ

ಷಾರ್ಲೆಟ್, ನಾರ್ತ್ ಕೆರೊಲಿನಾ
ಅಕ್ಟೋಬರ್ 2023

ಭುಜಂಗ ಮಾವನಿಗೆ ಅಶ್ವಿತಾಳ ನಮಸ್ಕಾರಗಳು.

ನನಗೆ ಹೆಣ್ಣು ಮಗುವಾಗಿದೆ. ಮದುವೆಗೆ ನೀವು ಬರಲಿಲ್ಲ ಎಂಬ ಮಾತನ್ನು ಇಲ್ಲಿ ಎತ್ತುವುದಿಲ್ಲ.

ನನ್ನ ಗಂಡನ ಅಪ್ಪ ಡಂಕನ್ ಅವರ ಹಿರಿಯರು ಸ್ಕಾಟ್ಲೆಂಡಿನಲ್ಲಿ ಗ್ಲೆನಾರಿಕ್ ಎಂಬ ಸೀಮೆಯ ಪ್ರಭುಗಳಂತೆ. ಆ ಪದವಿ ಗಂಡಿನಿಂದ ಗಂಡಿಗೆ ಮಾತ್ರ ಹೋಗುತ್ತದೆ. ನಾನೂರು ವರ್ಷದ ವಂಶವೃಕ್ಷವನ್ನು ತಾವೇ ಬರೆದು ಗೋಡೆಗೆ ಹಾಕಿದ್ದಾರೆ. ಮಗುವನ್ನು ಎತ್ತಿಕೊಂಡು, "ಇನ್ನು ಮುಂದೆ ಬರೆಯುವುದಕ್ಕೇನಿಲ್ಲ" ಎಂದು ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ.

"ನಮ್ಮ ಕುಂದಾಪುರದ ಮನೆಯಲ್ಲಿ ಅಳಿಯಸಂತಾನ. ಹೆಣ್ಣು ಹುಟ್ಟಿದರೇ ವಂಶ ಮುಂದುವರಿಯುವುದು" ಎಂದೆ.

ಮರುದಿನವೇ ಹೊಸ ಹಾಳೆ ತಂದರು. ಮಗುವಿಗೊಂದು ಜಾಗ ಬಿಟ್ಟು, ಅದರ ಮೇಲೆ ನನ್ನ ಹೆಸರು, ನನ್ನ ಮೇಲೆ ಅಮ್ಮನ ಹೆಸರು ಬರೆದರು. "ಮನೆಗೆ ಯಜಮಾನ ಯಾರು?" ಎಂದು ಕೇಳಿದರು. ಅಮ್ಮನಿಗೆ ನೀವೊಬ್ಬರೇ ಅಣ್ಣ, ನಮ್ಮಲ್ಲಿ ಯಜಮಾನಿಕೆ ಅಮ್ಮನ ಅಣ್ಣನದೇ. "ಮಾವ" ಎಂದೆ.

ಪಾಪ, ಅವರಿಗೆ ಗೊತ್ತಿರುವ ಕನ್ನಡ ಪದ ಅದೊಂದೇ. ನಾನು ಅವರನ್ನು ಕರೆಯುವುದೂ ಹಾಗೆಯೇ ಅಲ್ಲವೇ? ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಿಮ್ಮ ಜಾಗದಲ್ಲಿ ತಮ್ಮ ಹೆಸರು ಬರೆದುಬಿಟ್ಟರು.

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡಲು ನೀವೇ ಬರಬೇಕು. ವೀಸಾಕ್ಕೆ ಬೇಕಾದ ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ. ಬರುವಾಗ ದಪ್ಪ ಸ್ವೆಟರ್ ತನ್ನಿ, ಇಲ್ಲಿ ಚಳಿ ಶುರುವಾಗಿದೆ. ಅವರು ಬರೆದಿರುವುದು ಪೆನ್ಸಿಲಿನಲ್ಲಿ. ನೀವು ಬರುವ ತನಕ ಆ ಜಾಗವನ್ನು ಅವರು ಕಾಯುತ್ತಿರಲಿ.

ಇಂತಿ,
ನಿಮ್ಮಿಬ್ಬರಿಗೂ ಸೊಸೆಯಾದ
ಅಶ್ವಿತಾ